ಕಾರ್ಡ್ ಇದ್ದರೆ ಸಾಲದು, ಪಟ್ಟಿಯಲ್ಲಿ ಹೆಸರಿರಬೇಕು

ಓದುಗರ ಪ್ರಶ್ನೆ, ನಮ್ಮ ಉತ್ತರ

ಮತದಾರರ ಹಕ್ಕುಗಳ ಬಗ್ಗೆ ಪ್ರಶ್ನೆ ಕಳಿಸಿ ಎಂದು ಕಳೆದ ಸಂಚಿಕೆಯಲ್ಲಿ ಕೇಳಿದ್ದೆವು. ಬಂದವುಗಳಲ್ಲಿ ಆಯ್ದ ಕೆಲವಕ್ಕೆ ಇಲ್ಲಿ ಉತ್ತರವಿದೆ. ಉತ್ತರಿಸಿದವರು ತಾಲ್ಲೂಕು ಕಚೇರಿಯ ಚುನಾವಣಾ ಶಾಖೆಯಲ್ಲಿ ಬಹುಕಾಲ ಕೆಲಸ ಮಾಡಿ, ಶಿರಸ್ತೇದಾರ್ ಆಗಿ ನಿವೃತ್ತರಾದವರು. ಪತ್ರ ಬರೆದವರ ಹೆಸರುಗಳನ್ನು ಬಿಟ್ಟಿದ್ದೇವೆ.

ಪ್ರಶ್ನೆ: ಮೇಡಂ, ನನ್ನ ಬಳಿ ಎಪಿಕ್ ಕಾರ್ಡ್ (ಮತದಾರರ ಗುರುತಿನ ಚೀಟಿ) ಇದೆ. 2018ರಲ್ಲೂ 2023ರಲ್ಲೂ ನಮ್ಮ ಬೀದಿಯ ಶಾಲೆಯಲ್ಲೇ ಓಟು ಹಾಕಿದ್ದೇನೆ. 2024ರ ಲೋಕಸಭೆ ಚುನಾವಣೆಗೆ ಹೋದರೆ ಪಟ್ಟಿಯಲ್ಲಿ ಹೆಸರೇ ಇಲ್ಲ ಎಂದರು. ನಮ್ಮ ಯಜಮಾನರದು, ಅತ್ತೆಯವರದು ಎಲ್ಲ ಇದೆ. ಮನೆ ಬದಲಿಸಿಲ್ಲ, ಏನೂ ಇಲ್ಲ. ಕಾರ್ಡ್ ತೋರಿಸಿ ಎಷ್ಟು ಕೇಳಿಕೊಂಡರೂ ಬಿಡಲಿಲ್ಲ. ಇದು ಅನ್ಯಾಯ ಅಲ್ಲವೇ? (ಗೃಹಿಣಿ, ತಿಪಟೂರು)

ಉತ್ತರ: ಅನ್ಯಾಯವೇ ತಾಯಿ. ಆದರೆ ಅದು ಆದದ್ದು ಮತಗಟ್ಟೆಯಲ್ಲಿ ಅಲ್ಲ, ಅದಕ್ಕಿಂತ ಎಷ್ಟೋ ಮೊದಲು. ಎಪಿಕ್ ಕಾರ್ಡ್ ನೀವು ಯಾರೆಂದು ತೋರಿಸುವುದಕ್ಕೆ ಮಾತ್ರ. ಓಟು ಹಾಕುವ ಹಕ್ಕು ಇರುವುದು ಪಟ್ಟಿಯಲ್ಲಿ ಹೆಸರಿದ್ದವರಿಗೆ ಎಂದು 1951ರ ಪ್ರಜಾಪ್ರಾತಿನಿಧ್ಯ ಕಾಯ್ದೆಯ 62ನೇ ಸೆಕ್ಷನ್ ಹೇಳುತ್ತದೆ. ಪಾಸ್‌ಬುಕ್ ಕೈಯಲ್ಲಿದೆ, ಖಾತೆ ಮುಚ್ಚಿಹೋಗಿದೆ ಅಂದರೆ ಬ್ಯಾಂಕಿನವರು ದುಡ್ಡು ಕೊಡುತ್ತಾರೆಯೇ? ಹಾಗೆ. ಮತಗಟ್ಟೆಯ ಅಧ್ಯಕ್ಷಾಧಿಕಾರಿಗೆ ಪಟ್ಟಿಗೆ ಒಂದು ಹೆಸರು ಸೇರಿಸುವ ಅಧಿಕಾರವೂ ಇಲ್ಲ, ಆ ದಿನ ನೀವು ಅವರ ಜೊತೆ ಜಗಳವಾಡಿ ಪ್ರಯೋಜನವೂ ಇಲ್ಲ. ಇದರ ಇನ್ನೊಂದು ಮುಖವನ್ನೂ ಹೇಳಿಬಿಡುತ್ತೇನೆ. ಪಟ್ಟಿಯಲ್ಲಿ ಹೆಸರಿದ್ದು ಕಾರ್ಡ್ ಕಳೆದುಹೋಗಿದ್ದರೆ ನಿಮ್ಮನ್ನು ವಾಪಸ್ ಕಳಿಸುವ ಹಾಗಿಲ್ಲ. ಆಧಾರ್, ಪಾನ್, ಡ್ರೈವಿಂಗ್ ಲೈಸೆನ್ಸ್, ಪಾಸ್‌ಪೋರ್ಟ್, ಫೋಟೋ ಇರುವ ಬ್ಯಾಂಕ್ ಅಥವಾ ಅಂಚೆ ಕಚೇರಿ ಪಾಸ್‌ಬುಕ್, ನರೇಗಾ ಜಾಬ್ ಕಾರ್ಡ್, ಫೋಟೋ ಇರುವ ಪಿಂಚಣಿ ಪತ್ರ ಹೀಗೆ ಚುನಾವಣಾ ಆಯೋಗ ಒಪ್ಪಿದ ಯಾವುದಾದರೂ ಒಂದು ಸಾಕು. ಮನೆಗೆ ತಂದುಕೊಡುವ ವೋಟರ್ ಸ್ಲಿಪ್ ಮಾತ್ರ 2019ರಿಂದ ಗುರುತಿನ ದಾಖಲೆಯಲ್ಲ. ಅದನ್ನೇ ಹಿಡಿದು ಬರುವವರು ಇವತ್ತಿಗೂ ಇದ್ದಾರೆ.

ಈಗ ನಿಮ್ಮ ಹೆಸರು ಹೋಗಿದ್ದು ಹೇಗೆ? ನಾನು ಶಾಖೆಯಲ್ಲಿ ಕಂಡಿದ್ದು ಹೇಳುತ್ತೇನೆ. ಬಿಎಲ್‌ಒ, ಅಂದರೆ ಮತಗಟ್ಟೆ ಮಟ್ಟದ ಅಧಿಕಾರಿ, ನಿಮ್ಮೂರಿನ ಅಂಗನವಾಡಿ ಕಾರ್ಯಕರ್ತೆಯೋ ಮೇಷ್ಟ್ರೋ ಆಗಿರುತ್ತಾರೆ. ಸ್ವಂತ ಕೆಲಸ ಮುಗಿಸಿ, ಸಂಜೆ ಪಟ್ಟಿ ಹಿಡಿದು ಮನೆಮನೆ ತಿರುಗುತ್ತಾರೆ. ಬಾಗಿಲಲ್ಲಿ ನಿಂತು 'ಈ ಹೆಸರಿನವರು ಇದ್ದಾರಾ' ಅಂದರೆ ಒಳಗಿನಿಂದ ಯಾರೋ 'ಇಲ್ಲ, ತವರಿಗೆ ಹೋಗಿದಾಳೆ' ಅನ್ನುತ್ತಾರೆ. ಹೆರಿಗೆಗೆ ಹೋದ ಸೊಸೆ ಕಾಗದದಲ್ಲಿ ಸ್ಥಳ ಬದಲಿಸಿದವಳಾಗುತ್ತಾಳೆ. ಇಂಥದ್ದು ಹೆಣ್ಣುಮಕ್ಕಳಿಗೇ ಜಾಸ್ತಿ ಆಗುವುದು. ನಿಮ್ಮ ಕ್ಷೇತ್ರದ ಹಳೇ ಪಟ್ಟಿ ಸಿಕ್ಕರೆ ನೋಡಿ. ತೆಗೆದುಹಾಕಿದ ಹೆಸರಿನ ಮೇಲೆ ಓರೆಯಾಗಿ 'ಡಿಲೀಟೆಡ್' ಎಂದಿರುತ್ತದೆ, ಪಕ್ಕದಲ್ಲಿ ಒಂದು ಇಂಗ್ಲಿಷ್ ಅಕ್ಷರ. 'ಇ' ಅಂದರೆ ತೀರಿಕೊಂಡವರು, 'ಎಸ್' ಅಂದರೆ ವಾಸ ಬದಲಿಸಿದವರು, 'ಆರ್' ಅಂದರೆ ಎರಡು ಕಡೆ ಹೆಸರಿರುವವರು, 'ಎಂ' ಅಂದರೆ ಪತ್ತೆಯಿಲ್ಲದವರು. ಬದುಕಿರುವ ಮನುಷ್ಯರು ತಮ್ಮ ಹೆಸರಿನ ಮುಂದೆ 'ಇ' ಕಂಡು ಕಚೇರಿಗೆ ಬಂದಿದ್ದನ್ನೂ ನೋಡಿದ್ದೇನೆ.

ಇನ್ನೊಂದು ದಾರಿ ನಮೂನೆ 7. ಅದೇ ಕ್ಷೇತ್ರದ ಯಾವ ಮತದಾರರಾದರೂ 'ಇಂಥವರು ಇಲ್ಲಿಲ್ಲ, ತೆಗೆಯಿರಿ' ಎಂದು ಅರ್ಜಿ ಹಾಕಬಹುದು. ಇದು ಸತ್ತವರ ಹೆಸರು ತೆಗೆಸಲು ಬೇಕಾದ ಅರ್ಜಿಯೇ, ಆದರೆ ದುರುಪಯೋಗಕ್ಕೂ ಇದೇ ಸುಲಭ. ಕಲಬುರಗಿ ಜಿಲ್ಲೆಯ ಆಳಂದದಲ್ಲಿ 2023ರ ವಿಧಾನಸಭೆ ಚುನಾವಣೆಗೆ ಮೊದಲು ಆನ್‌ಲೈನಿನಲ್ಲಿ ಇಂಥ 6,018 ಅರ್ಜಿಗಳು ಬಂದವು. ಮನೆಗೆ ಹೋಗಿ ವಿಚಾರಿಸಿದಾಗ ಸರಿಯಿದ್ದದ್ದು ಬರೀ 24. ಉಳಿದ 5,994 ಅರ್ಜಿಗಳನ್ನು ತಿರಸ್ಕರಿಸಿ ಪೊಲೀಸರಿಗೆ ದೂರು ಕೊಟ್ಟರು. ಸ್ಥಳಕ್ಕೆ ಹೋಗಿ ನೋಡಿದ್ದರಿಂದ ಅಷ್ಟು ಓಟು ಉಳಿಯಿತು. ಮೇಜಿನ ಮುಂದೆ ಕೂತು ಸಹಿ ಹಾಕಿದ್ದರೆ ಉಳಿಯುತ್ತಿರಲಿಲ್ಲ.

ನೀವು ವಾಸ ಬಿಟ್ಟಿದ್ದೀರಿ ಎನ್ನುವ ಕಾರಣಕ್ಕೆ ಹೆಸರು ತೆಗೆಯುವ ಮುನ್ನ ನಿಮಗೆ ತಿಳಿಸಿ, ನಿಮ್ಮ ಮಾತು ಕೇಳಲೇಬೇಕು. 1950ರ ಪ್ರಜಾಪ್ರಾತಿನಿಧ್ಯ ಕಾಯ್ದೆಯ 22ನೇ ಸೆಕ್ಷನ್ನಿನಲ್ಲೇ ಇದೆ. ನೋಟಿಸ್ ಬಂದಿಲ್ಲ ಅಂದರೆ ಉಪವಿಭಾಗಾಧಿಕಾರಿಗೆ, ಅವರೇ ನಿಮ್ಮ ಮತದಾರರ ನೋಂದಣಿ ಅಧಿಕಾರಿ, ಒಂದು ಅರ್ಜಿ ಬರೆಯಿರಿ. ಯಾವ ಅರ್ಜಿಯ ಮೇಲೆ, ಯಾವ ಆದೇಶದಿಂದ ನನ್ನ ಹೆಸರು ತೆಗೆದಿರಿ, ಅದರ ಪ್ರತಿ ಕೊಡಿ ಅಂತ. ಮಾಹಿತಿ ಹಕ್ಕಿನಲ್ಲೂ ಕೇಳಬಹುದು. ಟಪಾಲಿನಲ್ಲಿ ಕೊಟ್ಟು ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ. ಬಾಯಲ್ಲಿ ಕೇಳಿದ್ದಕ್ಕೆ ಬಾಯಲ್ಲೇ ಉತ್ತರ. ಅವರ ಆದೇಶ ಸರಿಯಿಲ್ಲ ಅನಿಸಿದರೆ 15 ದಿನದೊಳಗೆ ಜಿಲ್ಲಾಧಿಕಾರಿಗೆ, ಅಲ್ಲೂ ಆಗದಿದ್ದರೆ 30 ದಿನದೊಳಗೆ ರಾಜ್ಯದ ಮುಖ್ಯ ಚುನಾವಣಾಧಿಕಾರಿಗೆ ಮೇಲ್ಮನವಿ ಹೋಗುತ್ತದೆ. ಸುಳ್ಳು ಹೇಳಿಕೆ ಕೊಟ್ಟು ಅರ್ಜಿ ಹಾಕಿದವರಿಗೆ 31ನೇ ಸೆಕ್ಷನ್ ಪ್ರಕಾರ ಒಂದು ವರ್ಷದವರೆಗೆ ಜೈಲು ಆಗಬಹುದು.

ಇದೆಲ್ಲ ನ್ಯಾಯಕ್ಕಾಯಿತು. ಓಟಿಗೆ? ಇವತ್ತೇ ನಮೂನೆ 6 ಹಾಕಿ ಹೆಸರು ಮತ್ತೆ ಸೇರಿಸಿಕೊಳ್ಳಿ. ಚುನಾವಣೆ ಘೋಷಣೆ ಆಗಲಿ ಎಂದು ಕಾಯಬೇಡಿ. ನಾಮಪತ್ರ ಸಲ್ಲಿಸುವ ಕೊನೆಯ ದಿನ ಮುಗಿದ ಮೇಲೆ ಆ ಚುನಾವಣೆಯ ಪಟ್ಟಿಯಲ್ಲಿ ಒಂದಕ್ಷರವೂ ಬದಲಾಗುವುದಿಲ್ಲ. ನೀವು ಹೇಳುವ ಚುನಾವಣೆಯಲ್ಲಿ ಮತದಾನ ಏಪ್ರಿಲ್ 26ಕ್ಕೆ, ನಾಮಪತ್ರದ ಕೊನೆ ದಿನ ಏಪ್ರಿಲ್ 4ಕ್ಕೆ. ಶಾಲೆಯ ಬಾಗಿಲಿಗೆ ನೀವು ಹೋಗುವ ಮೂರು ವಾರ ಮೊದಲೇ ಪಟ್ಟಿ ಮುಚ್ಚಿಯಾಗಿತ್ತು. ಹೊಸ ಅರ್ಜಿಗೆ ಆಕ್ಷೇಪಣೆಗೆಂದು ಏಳು ದಿನ ಬಿಡಬೇಕಾದ್ದರಿಂದ ಕೊನೇ ವಾರದಲ್ಲಿ ಹಾಕಿದ ಅರ್ಜಿಯೂ ದಡ ಸೇರುವುದಿಲ್ಲ.

ಪ್ರಶ್ನೆ: ನಾನು ಲಾರಿ ಡ್ರೈವರ್. ಮಧ್ಯಾಹ್ನ ಮೂರಕ್ಕೆ ಊರು ಮುಟ್ಟಿ ಓಟಿಗೆ ಹೋದರೆ 'ನಿಮ್ಮದು ಬೆಳಿಗ್ಗೆಯೇ ಆಗಿದೆ' ಎಂದರು. ಬೆರಳಲ್ಲಿ ಶಾಯಿ ಇಲ್ಲ ನೋಡಿ ಅಂದರೂ ಕೇಳಲಿಲ್ಲ. ಪಕ್ಷಗಳ ಏಜೆಂಟರು ತಲೆ ಬಗ್ಗಿಸಿ ಕೂತಿದ್ದರು. ಆಮೇಲೆ ಯಾರೋ ಟೆಂಡರ್ ಓಟು ಅಂತ ಇದೆ ಅಂದರು. ಹಾಗಂದರೇನು? (ಶಿಡ್ಲಘಟ್ಟ)

ಉತ್ತರ: ಟೆಂಡರ್ಡ್ ವೋಟ್. 1961ರ ಚುನಾವಣಾ ನಡಾವಳಿ ನಿಯಮಗಳಲ್ಲಿ 49ಪಿ. ನಿಮ್ಮ ಹೆಸರಿನಲ್ಲಿ ಬೇರೆಯವರು ಹಾಕಿಹೋಗಿದ್ದರೆ, ಅಧ್ಯಕ್ಷಾಧಿಕಾರಿ ನಿಮ್ಮ ಗುರುತಿನ ಬಗ್ಗೆ ಪ್ರಶ್ನೆ ಕೇಳಿ, ಉತ್ತರ ಸರಿಯಿದ್ದರೆ ನಿಮಗೆ ಓಟು ಹಾಕಲು ಬಿಡಲೇಬೇಕು. ಯಂತ್ರದಲ್ಲಲ್ಲ, ಕಾಗದದ ಮತಪತ್ರದಲ್ಲಿ.

ಮಸ್ಟರಿಂಗ್ ದಿನ, ಅಂದರೆ ಸಿಬ್ಬಂದಿ ಸಾಮಗ್ರಿ ಪಡೆದು ಹೊರಡುವ ದಿನ, ಪ್ರತಿ ಮತಗಟ್ಟೆಗೆ ಕೊಡುವ ಚೀಲದಲ್ಲಿ ಈ ಮತಪತ್ರಗಳ ಒಂದು ಸಣ್ಣ ಕಟ್ಟು ಇರುತ್ತದೆ. ಹಿಂಬದಿ 'ಟೆಂಡರ್ಡ್' ಎಂದು ಮುದ್ರೆ ಇರುತ್ತದೆ. ನೀವು 17ಬಿ ನಮೂನೆಯಲ್ಲಿ ಸಹಿ ಹಾಕಿ, ಮತಪತ್ರ ತೆಗೆದುಕೊಂಡು, ಮರೆಗೆ ಹೋಗಿ ಸ್ವಸ್ತಿಕದಂಥ ಬಾಣದ ಗುರುತಿನ ಮುದ್ರೆ ಒತ್ತಿ, ಮಡಚಿ ಅಧ್ಯಕ್ಷಾಧಿಕಾರಿ ಕೈಗೆ ಕೊಡುತ್ತೀರಿ. ಅವರು ಅದನ್ನು ಬೇರೆ ಕವರಿನಲ್ಲಿಡುತ್ತಾರೆ. ಎಷ್ಟೋ ಮತಗಟ್ಟೆಗಳಲ್ಲಿ ಆ ಕಟ್ಟು ಬಿಚ್ಚದೆಯೇ ಡಿಮಸ್ಟರಿಂಗ್‌ಗೆ ವಾಪಸ್ ಬರುತ್ತದೆ. ಒಂದು ಸಲ ನಾನು ಮತಗಟ್ಟೆ ಅಧಿಕಾರಿಯಾಗಿ ಕೂತಿದ್ದಾಗ ಒಬ್ಬ ಅಜ್ಜಿ ಬಂದು, ಆಗಿಹೋಗಿದೆ ಅಂದ ತಕ್ಷಣ ಎಡಗೈಯ ಐದೂ ಬೆರಳು ಬಿಡಿಸಿ ಮೇಜಿನ ಮೇಲೆ ಇಟ್ಟುಬಿಟ್ಟರು. 'ಇದರಲ್ಲಿ ಯಾವುದಕ್ಕೆ ಹಚ್ಚಿದ್ದೀಯ ತೋರಿಸು ಮಗಳೇ' ಅಂದರು. ನಮ್ಮ ಅಧ್ಯಕ್ಷಾಧಿಕಾರಿ ಕೈಪಿಡಿ ಹುಡುಕಿ, ಪುಟ ತಿರುವಿ, ಆ ಕವರ್ ಒಡೆದರು. ಅಜ್ಜಿಗೆ ನಿಯಮ ಗೊತ್ತಿರಲಿಲ್ಲ, ಆದರೆ ಎದ್ದು ಹೋಗಲಿಲ್ಲ.

ನಿಮಗೆ ನಿಜ ಹೇಳಬೇಕು: ಎಣಿಕೆ ದಿನ ಈ ಓಟನ್ನು ಎಣಿಸುವುದಿಲ್ಲ. ಸೋತವರು ಹೈಕೋರ್ಟಿನಲ್ಲಿ ಚುನಾವಣಾ ತಕರಾರು ಅರ್ಜಿ ಹಾಕಿ, ಅಂತರ ತೀರಾ ಕಡಿಮೆಯಿದ್ದರೆ ಮಾತ್ರ ಆ ಕವರ್ ತೆರೆಯುವ ಸಂದರ್ಭ ಬರಬಹುದು. 'ಮತ್ತೆ ಯಾಕೆ ಆ ಕಷ್ಟ' ಅನ್ನುತ್ತೀರಿ. 2004ರಲ್ಲಿ ನಮ್ಮ ಸಂತೇಮರಹಳ್ಳಿ ಕ್ಷೇತ್ರ ಒಂದೇ ಒಂದು ಓಟಿನಲ್ಲಿ ತೀರ್ಮಾನವಾಯಿತು. 2023ರಲ್ಲಿ ಬೆಂಗಳೂರಿನ ಜಯನಗರ 16 ಓಟಿನಲ್ಲಿ. 2008ರಲ್ಲಿ ರಾಜಸ್ಥಾನದ ನಾಥದ್ವಾರದಲ್ಲೂ ಒಂದೇ ಓಟು. ಅಲ್ಲಿ ಇದೇ ಟೆಂಡರ್ಡ್ ಓಟುಗಳ ವಿಚಾರ ಸುಪ್ರೀಂ ಕೋರ್ಟ್‌ವರೆಗೆ ಹೋಯಿತು. ಜೊತೆಗೆ, 17ಬಿಯಲ್ಲಿ ನಿಮ್ಮ ಸಹಿ ಬಿದ್ದರೆ ಆ ಮತಗಟ್ಟೆಯಲ್ಲಿ ಕಳ್ಳ ಓಟು ಬಿದ್ದಿದೆ ಎಂಬುದಕ್ಕೆ ಸರಕಾರಿ ದಾಖಲೆಯೇ ಹುಟ್ಟುತ್ತದೆ. ವಾಪಸ್ ಹೋದರೆ ಅದೂ ಇಲ್ಲ.

ಏಜೆಂಟರ ಬಗ್ಗೆ ಒಂದು ಮಾತು. ಬಂದವರು ಬೇರೆಯವರು ಎಂದು ಅನುಮಾನ ಬಂದರೆ ಏಜೆಂಟರು 2 ರೂಪಾಯಿ ಕಟ್ಟಿ ಆಕ್ಷೇಪ ಎತ್ತಬಹುದು. ತಲೆ ಬಗ್ಗಿಸಿ ಕೂರುವುದಕ್ಕೆ ಅವರನ್ನು ಅಲ್ಲಿ ಕೂರಿಸುವುದಿಲ್ಲ.

ಪ್ರಶ್ನೆ: ಎಪಿಕ್‌ಗೆ ಆಧಾರ್ ಜೋಡಿಸದಿದ್ದರೆ ಹೆಸರು ತೆಗೆಯುತ್ತಾರೆ ಎಂದು ವಾಟ್ಸ್‌ಆ್ಯಪ್‌ನಲ್ಲಿ ಬಂದಿದೆ. ನಿಜವೇ? (ನಿವೃತ್ತ ಶಿಕ್ಷಕರು, ಸಾಗರ)

ಉತ್ತರ: ಅಲ್ಲ ಮೇಷ್ಟ್ರೇ. ಆಧಾರ್ ನಂಬರ್ ಕೊಡುವ ನಮೂನೆ 6ಬಿ ಐಚ್ಛಿಕ. ಆಧಾರ್ ಕೊಟ್ಟಿಲ್ಲ ಎಂಬ ಕಾರಣಕ್ಕೆ ಹೆಸರು ತೆಗೆಯಬಾರದು, ಸೇರಿಸಲು ನಿರಾಕರಿಸಬಾರದು ಎಂದು ಕಾಯ್ದೆಯಲ್ಲೇ ಬರೆದಿದೆ. ಕಡ್ಡಾಯವಲ್ಲ ಎಂದು ಆಯೋಗ 2023ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟಿಗೂ ಹೇಳಿದೆ. ಆ ಸಂದೇಶದ ಕೆಳಗೆ ಲಿಂಕ್ ಇದ್ದರೆ ಒತ್ತಬೇಡಿ.

ಅದೇ ರೀತಿ ಮನೆ ಬಾಗಿಲಿಗೆ ಬಂದು ಜಾತಿ, ಫೋನ್ ನಂಬರ್, ಯಾರಿಗೆ ಓಟು ಎಂದೆಲ್ಲ ಕೇಳುವವರ ಗುರುತಿನ ಚೀಟಿ ನೋಡಿ. 2022ರ ನವೆಂಬರ್‌ನಲ್ಲಿ ಬೆಂಗಳೂರಿನಲ್ಲಿ ಖಾಸಗಿ ಸಂಸ್ಥೆಯೊಂದರ ಜನ ಬಿಎಲ್‌ಒ ಎಂಬ ಕಾರ್ಡ್ ನೇತುಹಾಕಿಕೊಂಡು ಮಾಹಿತಿ ಕಲೆಹಾಕಿದ್ದು ಬಯಲಾಗಿ, ಅಧಿಕಾರಿಗಳು ಅಮಾನತಾದರು. ಶಿವಾಜಿನಗರ, ಚಿಕ್ಕಪೇಟೆ, ಮಹದೇವಪುರ ಕ್ಷೇತ್ರಗಳ ಪಟ್ಟಿಯನ್ನು ಮತ್ತೆ ಪರಿಶೀಲಿಸಬೇಕಾಯಿತು. ನಿಮ್ಮ ಬಿಎಲ್‌ಒ ಯಾರೆಂದು ಮತದಾರರ ಸಹಾಯವಾಣಿ 1950ಕ್ಕೆ ಫೋನ್ ಮಾಡಿದರೆ ಹೇಳುತ್ತಾರೆ.

ಪ್ರಶ್ನೆ: ಊರು ಸೇಡಂ, ಕೆಲಸ ಬೆಂಗಳೂರು, ಇರೋದು ಪಿಜಿಯಲ್ಲಿ. ಇಲ್ಲೇ ಓಟು ಮಾಡಿಸಿಕೊಳ್ಳೋಣ ಅಂದರೆ ಪಿಜಿ ಮಾಲೀಕರು ಕರಾರು ಪತ್ರ ಕೊಡಲ್ಲ ಅಂತಾರೆ. ಮತ್ತೆ ಊರಲ್ಲಿರೋ ಓಟು ಇರಲಿ ಬಿಡು ಅಂತ ಅಪ್ಪ ಹೇಳ್ತಾರೆ. ಎರಡೂ ಇಟ್ಟುಕೊಳ್ಳಬಹುದಾ? (ಸಾಫ್ಟ್‌ವೇರ್ ಉದ್ಯೋಗಿ)

ಉತ್ತರ: ಎರಡೂ ಆಗಲ್ಲ ತಮ್ಮಾ. 1950ರ ಕಾಯ್ದೆಯ 17, 18ನೇ ಸೆಕ್ಷನ್‌ಗಳು ಒಬ್ಬರಿಗೆ ಒಂದೇ ಕಡೆ ಅನ್ನುತ್ತವೆ. ನೀನು ಹೊಸದಾಗಿ ನಮೂನೆ 6 ಹಾಕಿದರೆ 'ಬೇರೆಲ್ಲೂ ನನ್ನ ಹೆಸರಿಲ್ಲ' ಎಂಬ ಘೋಷಣೆಗೂ ಸಹಿ ಹಾಕುತ್ತೀಯ, ಅದು ಸುಳ್ಳಾಗುತ್ತದೆ. ನಿನಗೆ ಬೇಕಾದ್ದು ನಮೂನೆ 8, ಸ್ಥಳ ಬದಲಾವಣೆ. ಅದನ್ನು ಹಾಕಿದರೆ ಸೇಡಂನ ಹೆಸರು ತೆಗೆದು ಇಲ್ಲಿ ಸೇರಿಸುತ್ತಾರೆ, ಎಪಿಕ್ ನಂಬರ್ ಅದೇ ಉಳಿಯುತ್ತದೆ.

ಮಾಲೀಕರ ಕರಾರು ಪತ್ರವೇ ಬೇಕು ಎಂದೇನಿಲ್ಲ. ಈ ವಿಳಾಸದ ಆಧಾರ್, ಬ್ಯಾಂಕ್ ಪಾಸ್‌ಬುಕ್, ಗ್ಯಾಸ್ ಬಿಲ್ ಯಾವುದಾದರೂ ನಡೆಯುತ್ತದೆ. ಏನೂ ಇಲ್ಲದಿದ್ದರೆ ಬಿಎಲ್‌ಒ ಖುದ್ದಾಗಿ ಬಂದು, ನೀನು ಅಲ್ಲಿ ಇರುವುದು ಹೌದೋ ಅಲ್ಲವೋ ನೋಡಿ ವರದಿ ಕೊಡಬೇಕು. ಕಾನೂನು ಕೇಳುವುದು ನೀನು ಸಾಮಾನ್ಯವಾಗಿ ವಾಸವಿರುವ ಜಾಗ ಯಾವುದು ಎಂದು, ಆಸ್ತಿ ಯಾರದು ಎಂದಲ್ಲ. ಊರಿನಲ್ಲಿ ಮನೆಯಿದೆ ಎಂಬುದರಿಂದಷ್ಟೇ ನೀನು ಆ ಊರಿನ ವಾಸಿ ಆಗುವುದಿಲ್ಲ ಎಂದು 20ನೇ ಸೆಕ್ಷನ್ ಹೇಳುತ್ತದೆ. ಮನೆಯೇ ಇಲ್ಲದೆ ಫುಟ್‌ಪಾತಿನಲ್ಲಿ ಮಲಗುವವರಿಗೂ ಓಟಿದೆ. ಅವರು ಅರ್ಜಿಯಲ್ಲಿ ಬರೆದ ಜಾಗಕ್ಕೆ ಬಿಎಲ್‌ಒ ರಾತ್ರಿ ಹೋಗಿ, ಅಲ್ಲೇ ಮಲಗುತ್ತಾರೆಯೇ ಎಂದು ನೋಡಬೇಕು ಅನ್ನುವುದು ಆಯೋಗದ ಸೂಚನೆ. ಅವರಿಗೆ ಸಿಗುವುದು ನಿನಗೆ ಪಿಜಿ ಮಾಲೀಕರ ಮುಖ ನೋಡಿ ತಪ್ಪಬಾರದು.

ನಿನ್ನ ಜೊತೆಗಾರರಲ್ಲಿ ಇನ್ನೂ ಹೆಸರು ಸೇರಿಸದವರಿದ್ದರೆ ಹೇಳು: ಈಗ ಜನವರಿ ಒಂದಕ್ಕೇ ಕಾಯಬೇಕಿಲ್ಲ. ಏಪ್ರಿಲ್, ಜುಲೈ, ಅಕ್ಟೋಬರ್ ಒಂದನೇ ತಾರೀಕುಗಳೂ ಅರ್ಹತಾ ದಿನಗಳೇ. ಹದಿನೇಳು ತುಂಬಿದವರು ಮುಂಚಿತವಾಗಿಯೇ ಅರ್ಜಿ ಹಾಕಿಡಬಹುದು.

ಪ್ರಶ್ನೆ: ಪೀಣ್ಯದ ಗಾರ್ಮೆಂಟ್ಸ್‌ನಲ್ಲಿ ಟೈಲರ್ ಆಗಿದೀನಿ. ಓಟು ಮಧುಗಿರಿ ಹತ್ತಿರದ ನಮ್ಮೂರಲ್ಲಿದೆ. ಹೋದ ಚುನಾವಣೆಗೆ ರಜೆ ಕೊಟ್ಟು ಆ ದಿನದ ಸಂಬಳ ಹಿಡಿದರು. ಬಸ್ ಸಿಗದೆ ಸಂಜೆ ಆರಕ್ಕೆ ಐದು ನಿಮಿಷ ಇದ್ದಾಗ ಮುಟ್ಟಿದೆ, ಕ್ಯೂ ಇನ್ನೂ ಇತ್ತು, ಆರಾದ ಮೇಲೆ ಮುಗೀತು ಹೋಗಿ ಅಂದರು. (ಓದುಗರು, ಬೆಂಗಳೂರು)

ಉತ್ತರ: ಎರಡು ಕಡೆಯೂ ನಿಮಗೆ ಮೋಸವಾಗಿದೆ.

ಸಂಬಳದ್ದು ಮೊದಲು. 1951ರ ಕಾಯ್ದೆಯ 135ಬಿ. ಯಾವುದೇ ವ್ಯಾಪಾರ, ಕಾರ್ಖಾನೆ, ಸಂಸ್ಥೆಯಲ್ಲಿ ದುಡಿಯುವ ಮತದಾರರಿಗೆ ಮತದಾನದ ದಿನ ರಜೆ ಕೊಡಬೇಕು, ಅದಕ್ಕೆ ಸಂಬಳ ಕಡಿತ ಮಾಡುವಂತಿಲ್ಲ. ದಿನಗೂಲಿಯವರಿಗೂ ಆ ದಿನದ ಕೂಲಿ ಕೊಡಬೇಕು. ಓಟು ಬೇರೆ ಊರಿನಲ್ಲಿದೆ ಎಂಬುದು ನೆಪವಾಗುವುದಿಲ್ಲ. ಕಾರ್ಮಿಕ ಇಲಾಖೆಗೆ ವೇತನ ಚೀಟಿಯ ಪ್ರತಿ ಇಟ್ಟು ದೂರು ಕೊಡಿ, ನಾಲ್ಕು ಜನ ಸೇರಿ ಕೊಟ್ಟರೆ ಇನ್ನೂ ಒಳ್ಳೆಯದು. ದಂಡ ಎಷ್ಟು ಎಂದು ಕೇಳಬೇಡಿ, 500 ರೂಪಾಯಿವರೆಗೆ. ಒಬ್ಬರ ಒಂದು ದಿನದ ಸಂಬಳಕ್ಕೂ ಸಾಲದ ಈ ದಂಡಕ್ಕೆ ಯಾವ ಮಾಲೀಕ ಹೆದರುತ್ತಾನೋ ನನಗಂತೂ ಕಾಣೆ. ಆದರೂ ದೂರು ಹೋದ ಮೇಲೆ ಹಿಡಿದ ಸಂಬಳ ವಾಪಸ್ ಬರುವುದುಂಟು.

ಕ್ಯೂ ವಿಷಯ. ಮುಗಿಯುವ ಹೊತ್ತಿಗೆ ಸಾಲಿನಲ್ಲಿ ನಿಂತ ಕೊನೆಯವರವರೆಗೂ ಓಟು ಹಾಕಿಸಲೇಬೇಕು, ರಾತ್ರಿ ಒಂಬತ್ತಾದರೂ ಸರಿ. ಅದಕ್ಕೊಂದು ಪದ್ಧತಿ ಇದೆ: ಅಧ್ಯಕ್ಷಾಧಿಕಾರಿ ಸಹಿ ಮಾಡಿದ ಚೀಟಿಗಳನ್ನು ಸಾಲಿನ ತುದಿಯಿಂದ ಹಂಚಿಕೊಂಡು ಬರುತ್ತಾರೆ. ಕೊನೆಯವರಿಗೆ ಒಂದನೇ ನಂಬರ್. ಮುಂದಿನಿಂದ ಕೊಟ್ಟರೆ ಹಿಂದೆ ಹೊಸಬರು ಬಂದು ಸೇರಿಕೊಳ್ಳುತ್ತಾರಲ್ಲ, ಅದಕ್ಕೆ. ಮುಂದಿನ ಸಲ ಹೀಗಾದರೆ 'ಚೀಟಿ ಕೊಡಿ ಸಾರ್' ಅಂತ ಕೇಳಿ. ನಿಯಮ ಗೊತ್ತಿರುವವರು ಎಂದು ಗೊತ್ತಾದರೆ ಧ್ವನಿಯೇ ಬದಲಾಗುತ್ತದೆ.

ಪ್ರಶ್ನೆ: ಮೇಡಂ ಅವರ, ಎಲೆಕ್ಷನ್ ಹಿಂದಿನ ರಾತ್ರಿ ನಮ್ಮ ಓಣ್ಯಾಗ ಮನಿಮನಿಗೆ ಬಂದು ರೊಕ್ಕ ಹಂಚಿದ್ರು. ನಮ್ಮ ಅವ್ವನ ಕೈಯಾಗ ಭಂಡಾರ ಕೊಟ್ಟು, ದೇವರ ಫೋಟೋ ಮುಟ್ಟಿಸಿ ಆಣಿ ಮಾಡಿಸ್ಕೊಂಡ್ರು. ಅವ್ವ ಈಗೂ ಅಂಜತಾಳ, 'ಆಣಿ ಮುರದ್ರ ಮೊಮ್ಮಕ್ಕಳಿಗೆ ಕೇಡಾಗತೈತಿ' ಅಂತಾಳ. ಯಾರಿಗೆ ಹಾಕಿದ್ವಿ ಅನ್ನೂದು ಅವರಿಗೆ ಗೊತ್ತಾಗತೈತೇನ್ರಿ? ರೊಕ್ಕ ತಗೊಂಡವರ ಮ್ಯಾಲೂ ಕೇಸ್ ಆಗತೈತೇನು? (ಬಾಗಲಕೋಟೆ ಜಿಲ್ಲೆ)

ಉತ್ತರ: ಅವ್ವನಿಗೆ ಮೊದಲು ಇದನ್ನು ಓದಿ ಹೇಳಿ. ಇಂಥವರಿಗೆ ಓಟು ಹಾಕದಿದ್ದರೆ ದೇವರ ಕೋಪಕ್ಕೆ ಗುರಿಯಾಗುತ್ತೀರಿ ಎಂದು ನಂಬಿಸುವುದು ಕಾನೂನಿನಲ್ಲಿ ಅಪರಾಧ. ಇಷ್ಟು ಸ್ಪಷ್ಟವಾಗಿ ಬರೆದಿದೆ ಎಂದು ಬಹಳ ಜನಕ್ಕೆ ಗೊತ್ತಿಲ್ಲ. 1951ರ ಕಾಯ್ದೆಯ 123ನೇ ಸೆಕ್ಷನ್ ಇದನ್ನು ಭ್ರಷ್ಟಾಚಾರ ಎನ್ನುತ್ತದೆ, ಅಭ್ಯರ್ಥಿಯ ಗೆಲುವೇ ರದ್ದಾಗಬಹುದು. ಭಾರತೀಯ ನ್ಯಾಯ ಸಂಹಿತೆಯ 171ನೇ ಸೆಕ್ಷನ್ ಇದನ್ನು ಅನುಚಿತ ಪ್ರಭಾವ ಎನ್ನುತ್ತದೆ, ಒಂದು ವರ್ಷದವರೆಗೆ ಜೈಲು. ಆಣೆ ಮಾಡಿಸಿಕೊಂಡವರೇ ತಪ್ಪಿತಸ್ಥರು, ಹೆದರಿ ಕೈಯಿಟ್ಟ ಅವ್ವ ಅಲ್ಲ. ಬಲವಂತದ ಆಣೆಯನ್ನು ನಡೆಸಿಕೊಡು ಎಂದು ಯಾವ ದೇವರೂ ಪಟ್ಟು ಹಿಡಿಯಲಾರ ಎನ್ನುವುದು ನನ್ನ ನಂಬಿಕೆ. ಅದಕ್ಕೆ ಸೆಕ್ಷನ್ ಇಲ್ಲ.

ಯಾರಿಗೆ ಹಾಕಿದಿರಿ ಎಂದು ಗೊತ್ತಾಗುತ್ತದೆಯೇ? ನಿಮ್ಮೊಬ್ಬರದು ಗೊತ್ತಾಗುವುದಿಲ್ಲ. ನೀವು ಸಹಿ ಹಾಕುವ 17ಎ ಪುಸ್ತಕದಲ್ಲಿ ನಿಮ್ಮ ಕ್ರಮ ಸಂಖ್ಯೆ ಇರುತ್ತದೆ, ಗುಂಡಿ ಒತ್ತಿದ್ದು ಯಾವುದೆಂದು ಎಲ್ಲೂ ದಾಖಲಾಗುವುದಿಲ್ಲ. ಯಾವ ಗುರುತಿಗೆ ಓಟು ಬಿತ್ತೆಂದು ತೋರಿಸುವ ವಿವಿಪ್ಯಾಟ್ ಯಂತ್ರದ ಚೀಟಿ ಏಳು ಸೆಕೆಂಡ್ ಕಂಡು ಡಬ್ಬಿಗೆ ಬೀಳುತ್ತದೆ, ಅದರಲ್ಲಿ ಹೆಸರಿಲ್ಲ. ಕೋರ್ಟು ಕೂಡ ನಿಮ್ಮನ್ನು ಯಾರಿಗೆ ಹಾಕಿದಿರಿ ಎಂದು ಕೇಳುವಂತಿಲ್ಲ, 1951ರ ಕಾಯ್ದೆಯ 94ನೇ ಸೆಕ್ಷನ್. ಆದರೆ ಮತಗಟ್ಟೆವಾರು ಎಣಿಕೆ ಹೊರಬರುತ್ತದೆ. ನಿಮ್ಮ ಓಣಿಗೆ ಒಂದೇ ಮತಗಟ್ಟೆ ಇದ್ದರೆ ಒಟ್ಟು ಎಷ್ಟು ಬಿತ್ತು ಎಂದು ಅವರಿಗೆ ತಿಳಿಯುತ್ತದೆ. 'ನಿಮ್ಮ ಓಟು ನಮಗೆ ಗೊತ್ತಾಗತೈತಿ' ಎಂದು ಹೆದರಿಸುವವರು ಈ ಒಟ್ಟು ಲೆಕ್ಕವನ್ನೇ ಇಟ್ಟುಕೊಂಡು ಆಡುತ್ತಾರೆ.

ರೊಕ್ಕದ್ದು ಕಹಿ ಮಾತು. ಕೊಟ್ಟವರಷ್ಟೇ ಅಲ್ಲ, ತೆಗೆದುಕೊಂಡವರೂ ಅಪರಾಧಿಗಳೇ, ನ್ಯಾಯ ಸಂಹಿತೆಯ 170ನೇ ಸೆಕ್ಷನ್. ಶಿಕ್ಷೆ ಒಂದು ವರ್ಷದವರೆಗೆ, ಅಥವಾ ದಂಡ, ಅಥವಾ ಎರಡೂ. ಊಟ ಹಾಕಿಸಿ ಕುಡಿಸಿದ್ದಾದರೆ ದಂಡ ಮಾತ್ರ. 'ಇವರ ರೊಕ್ಕ ತಗೊಂಡು ಅವರಿಗೆ ಹಾಕಿದೆ' ಎಂದು ಜಾಣತನ ಹೇಳುವವರಿಗೂ ಅಷ್ಟೇ. ಬೇಡ ಎನ್ನುವ ಧೈರ್ಯ ಓಣಿಯಲ್ಲಿ ಒಬ್ಬರಿಗೇ ಇರುವುದು ಕಷ್ಟ, ಅದು ನನಗೂ ಗೊತ್ತು. ಅದಕ್ಕೇ ಸಿ-ವಿಜಿಲ್ ಆ್ಯಪ್. ಚುನಾವಣೆ ಘೋಷಣೆಯಾದ ದಿನದಿಂದ ಕೆಲಸ ಮಾಡುತ್ತದೆ. ಹಂಚುತ್ತಿರುವ ಜಾಗದಲ್ಲೇ ಫೋಟೋ ಅಥವಾ ಎರಡು ನಿಮಿಷದ ವಿಡಿಯೋ ತೆಗೆದು ಕಳಿಸಬೇಕು. ಗ್ಯಾಲರಿಯಲ್ಲಿರುವ ಹಳೇ ಫೋಟೋ ಹೋಗುವುದಿಲ್ಲ. ಹೆಸರು ಹೇಳದೆಯೂ ಕಳಿಸಬಹುದು. 100 ನಿಮಿಷದೊಳಗೆ ಕ್ರಮ ತೆಗೆದುಕೊಂಡು ಮುಗಿಸಬೇಕು ಎಂಬ ಲೆಕ್ಕವಿದೆ. ರಾತ್ರಿ ಹೊತ್ತು ಸ್ವಂತ ಬಾಗಿಲಲ್ಲಿ ಮೊಬೈಲ್ ಎತ್ತುವುದು ಅಪಾಯ ಅನಿಸಿದರೆ 1950ಕ್ಕೆ ಫೋನ್ ಮಾಡಿ.

ಪ್ರಶ್ನೆ: ನಮ್ಮ ತಾಯಿಗೆ 87. ಮನೆಯಿಂದಲೇ ಓಟು ಹಾಕಿಸುತ್ತಾರಂತೆ. ಹೇಗೆ? ಮಗನಾಗಿ ಅವರ ಪರ ನಾನೇ ಹಾಕಬಹುದೇ? (ಉಡುಪಿ)

ಉತ್ತರ: ಅವರ ಪರ ಹಾಕುವುದಿಲ್ಲ, ಅವರೇ ಹಾಕುತ್ತಾರೆ. 85 ದಾಟಿದವರಿಗೆ ಮತ್ತು ಶೇ 40 ಅಥವಾ ಅದಕ್ಕೂ ಹೆಚ್ಚು ಅಂಗವೈಕಲ್ಯ ಇರುವವರಿಗೆ ಈ ಸೌಲಭ್ಯ. ನಮ್ಮ ರಾಜ್ಯದಲ್ಲಿ 2023ರ ವಿಧಾನಸಭೆ ಚುನಾವಣೆಯಲ್ಲಿ ಶುರುವಾದಾಗ ವಯಸ್ಸು 80 ಇತ್ತು, 2024ರಲ್ಲಿ 85 ಮಾಡಿದರು. ಅಧಿಸೂಚನೆ ಹೊರಟು ಐದು ದಿನದೊಳಗೆ ನಮೂನೆ 12ಡಿ ಕೊಡಬೇಕು. ಬಿಎಲ್‌ಒ ಮನೆಗೇ ತಂದು ಕೊಡುತ್ತಾರೆ, ತರದಿದ್ದರೆ ನೀವೇ ಕೇಳಿ. ಆಮೇಲೆ ಮುಂಚಿತವಾಗಿ ದಿನ ತಿಳಿಸಿ ತಂಡ ಬರುತ್ತದೆ, ವಿಡಿಯೋ ಮಾಡುವವರೂ ಇರುತ್ತಾರೆ. ಗುರುತು ಹಾಕುವಾಗ ಮಾತ್ರ ಮರೆ ಕೊಡಬೇಕು. ಸೊಸೆ, ಮೊಮ್ಮಗ, ಪಕ್ಕದ ಮನೆಯವರು ಎಲ್ಲ ಸುತ್ತ ನಿಂತು 'ಅಜ್ಜಿ, ಇಲ್ಲಿ ಒತ್ತಿ' ಎನ್ನುವ ಸಂಭ್ರಮ ಬೇಡ. ತಂಡ ಬಂದಾಗ ಇಲ್ಲದಿದ್ದರೆ ಇನ್ನೊಮ್ಮೆ ಬರುತ್ತಾರೆ, ಮೂರನೇ ಸಲ ಇಲ್ಲ. 12ಡಿ ಕೊಟ್ಟು ಮಂಜೂರಾದ ಮೇಲೆ ಮತಗಟ್ಟೆಗೆ ಹೋಗಿ ಹಾಕುವಂತಿಲ್ಲ, ಯೋಚಿಸಿ ಕೊಡಿ.

ಮತಗಟ್ಟೆಗೇ ಹೋಗುತ್ತೇನೆ ಎಂದರೆ, ಕಣ್ಣು ಕಾಣದಿದ್ದರೆ ಅಥವಾ ಗುಂಡಿ ಒತ್ತಲು ಶಕ್ತಿ ಇಲ್ಲದಿದ್ದರೆ ನೀವು ಜೊತೆಗೆ ಹೋಗಬಹುದು. ಅವರು ಹೇಳಿದ ಗುಂಡಿಯನ್ನೇ ಒತ್ತುತ್ತೇನೆ, ಗುಟ್ಟು ಬಿಡುವುದಿಲ್ಲ ಎಂದು ಘೋಷಣೆಗೆ ಸಹಿ ಹಾಕಬೇಕು. ಒಬ್ಬರು ಒಂದು ದಿನಕ್ಕೆ ಒಬ್ಬರಿಗೆ ಮಾತ್ರ ಸಹಾಯಕರು. ಓದು ಬರುವುದಿಲ್ಲ ಎಂಬುದಷ್ಟೇ ಕಾರಣವಾದರೆ ಬಿಡುವುದಿಲ್ಲ. ಚಿಹ್ನೆ ಇರುವುದೇ ಅದಕ್ಕೆ.

ಪ್ರಶ್ನೆ: ಮತದಾನದ ಮರುದಿನವೇ ನನ್ನ ಮದುವೆ. ಶಾಯಿ ಬೇಡ ಎನ್ನಬಹುದಾ? (ಮೈಸೂರು)

ಉತ್ತರ: ಬೇಡ ಎಂದರೆ ಓಟೂ ಇಲ್ಲಮ್ಮ, ನಿಯಮ 49ಕೆ. ನಿಮ್ಮ ಊರಿನಲ್ಲೇ ತಯಾರಾಗುವ ಶಾಯಿ ಅದು. 1937ರಲ್ಲಿ ನಾಲ್ವಡಿಯವರ ಕಾಲದಲ್ಲಿ ಶುರುವಾದ ಬಣ್ಣದ ಕಾರ್ಖಾನೆ 1962ರ ಚುನಾವಣೆಯಿಂದ ದೇಶಕ್ಕೆಲ್ಲ ಕೊಡುತ್ತಿದೆ. ಫೋಟೋದಲ್ಲಿ ಚೆನ್ನಾಗಿಯೇ ಕಾಣುತ್ತದೆ. ಮದುವೆಗೆ ಶುಭಾಶಯ.

ಪ್ರಶ್ನೆ: ನಾನು ಒತ್ತಿದ್ದು ಒಂದು, ವಿವಿಪ್ಯಾಟ್‌ನಲ್ಲಿ ಕಂಡದ್ದು ಇನ್ನೊಂದು ಅಂತಾದರೆ? (ಚಿತ್ರದುರ್ಗ)

ಉತ್ತರ: ಹೊರಬರುವ ಮೊದಲೇ, ಅಲ್ಲೇ ಅಧ್ಯಕ್ಷಾಧಿಕಾರಿಗೆ ಹೇಳಿ. ಅವರು ಲಿಖಿತ ಹೇಳಿಕೆ ಪಡೆದು, ಏಜೆಂಟರ ಎದುರು ನಿಮ್ಮಿಂದ ಒಂದು ಪರೀಕ್ಷಾ ಓಟು ಹಾಕಿಸುತ್ತಾರೆ. ನಿಮ್ಮ ದೂರು ನಿಜವಾದರೆ ಆ ಯಂತ್ರದಲ್ಲಿ ಮತದಾನ ನಿಲ್ಲಬೇಕು. ಸುಳ್ಳಾದರೆ ನಿಮಗೆ ಶಿಕ್ಷೆ. ದೂರು ಕೊಡುವವರನ್ನೇ ಹೀಗೆ ಹೆದರಿಸುವುದು ನನಗೆ ಒಪ್ಪಿಗೆಯಿಲ್ಲ, ಆದರೆ ನಿಯಮ ಸದ್ಯಕ್ಕೆ ಹಾಗಿದೆ. ಖಚಿತವಿದ್ದರೆ ಹಿಂಜರಿಯಬೇಡಿ.

ಪ್ರಶ್ನೆ: ದುಬೈಯಲ್ಲಿದ್ದೇನೆ, ಭಾರತದ ಪಾಸ್‌ಪೋರ್ಟ್. ಆನ್‌ಲೈನ್ ಓಟು ಇದೆಯಾ? (ಮೂಲ ಕುಂದಾಪುರ)

ಉತ್ತರ: ಇಲ್ಲ. ನಮೂನೆ 6ಎ ಹಾಕಿದರೆ ಪಾಸ್‌ಪೋರ್ಟಿನಲ್ಲಿರುವ ಊರಿನ ಪಟ್ಟಿಯಲ್ಲಿ ಹೆಸರು ಸೇರುತ್ತದೆ. ಓಟಿಗೆ ಮಾತ್ರ ಮೂಲ ಪಾಸ್‌ಪೋರ್ಟ್ ಹಿಡಿದು ಕುಂದಾಪುರಕ್ಕೇ ಬರಬೇಕು. ಎಪಿಕ್ ಕಾರ್ಡ್ ಕೊಡುವುದಿಲ್ಲ.

ಪ್ರಶ್ನೆ: ವಿಧಾನ ಪರಿಷತ್ತಿನ ಪದವೀಧರ ಕ್ಷೇತ್ರಕ್ಕೆ ಹಿಂದಿನ ಸಲ ಓಟು ಹಾಕಿದ್ದೆ. ಈ ಸಲ ನನ್ನ ಹೆಸರು ಮಾಯ. ಇದೂ ಆಳಂದದ ಥರವೇ? (ಉಪನ್ಯಾಸಕರು, ದಾವಣಗೆರೆ)

ಉತ್ತರ: ಇಲ್ಲ ಸಾರ್, ಇದರಲ್ಲಿ ಯಾರ ಕೈವಾಡವೂ ಇಲ್ಲ. ಪದವೀಧರ ಮತ್ತು ಶಿಕ್ಷಕರ ಕ್ಷೇತ್ರಗಳ ಪಟ್ಟಿಯನ್ನು ಪ್ರತಿ ಚುನಾವಣೆಗೂ ಹೊಸದಾಗಿ ಮಾಡುತ್ತಾರೆ, ಹಳೆಯದು ಮುಂದುವರಿಯುವುದಿಲ್ಲ. ಪ್ರತಿ ಸಲವೂ ಪದವೀಧರರು ನಮೂನೆ 18, ಶಿಕ್ಷಕರು ನಮೂನೆ 19 ಹಾಕಬೇಕು. ಅರ್ಹತಾ ದಿನ ನವೆಂಬರ್ 1. ಆ ದಿನಕ್ಕೆ ಪದವಿ ಮುಗಿದು ಮೂರು ವರ್ಷ ಆಗಿರಬೇಕು. ವಿಧಾನಸಭೆ ಪಟ್ಟಿಯಲ್ಲಿ ಹೆಸರಿದ್ದರೆ ಇಲ್ಲಿ ತಾನಾಗಿ ಬರುವುದಿಲ್ಲ. ಪದವಿ ಪ್ರಮಾಣ ಪತ್ರದ ದೃಢೀಕರಿಸಿದ ನಕಲು ಇಟ್ಟುಕೊಂಡು ಅಕ್ಟೋಬರ್‌ನಲ್ಲಿ ನೋಟಿಸ್ ಹೊರಟ ಕೂಡಲೇ ಅರ್ಜಿ ಕೊಟ್ಟುಬಿಡಿ.

ಓಟು ಹಾಕುವಾಗಲೂ ಎಚ್ಚರ. ಅಲ್ಲಿ ಯಂತ್ರವಿಲ್ಲ, ಕಾಗದ. ಅಲ್ಲೇ ಕೊಡುವ ನೇರಳೆ ಸ್ಕೆಚ್ ಪೆನ್ನಿನಲ್ಲೇ ನಿಮ್ಮ ಮೊದಲ ಆಯ್ಕೆಯ ಎದುರು 1 ಎಂದು ಅಂಕಿಯಲ್ಲಿ ಬರೆಯಬೇಕು. ಬೇಕಾದರೆ 2, 3 ಎಂದು ಮುಂದುವರಿಸಬಹುದು, 1 ಇಲ್ಲದೆ 2 ಮಾತ್ರ ಇದ್ದರೆ ಹೋಯಿತು. ಟಿಕ್ ಹಾಕಿದವರದು, 'ಒಂದು' ಎಂದು ಅಕ್ಷರದಲ್ಲಿ ಬರೆದವರದು, ಜೇಬಿನಿಂದ ಸ್ವಂತ ಪೆನ್ನು ತೆಗೆದವರದು, ಕೆಳಗೆ ಸಹಿ ಮಾಡಿದವರದು ಎಲ್ಲ ತಿರಸ್ಕೃತ. ಡಿಗ್ರಿ ಪಡೆದವರಷ್ಟೇ ಮತದಾರರಾಗಿರುವ ಈ ಕ್ಷೇತ್ರಗಳಲ್ಲಿ ಪ್ರತಿ ಸಲ ಸಾವಿರಗಟ್ಟಲೆ ಮತಪತ್ರಗಳು ಹೀಗೆ ಕಸಕ್ಕೆ ಹೋಗುತ್ತವೆ. ನಿಮ್ಮ ಸ್ಟಾಫ್ ರೂಮಿನಲ್ಲೂ ಒಮ್ಮೆ ಹೇಳಿಬಿಡಿ ಸಾರ್.